ಚೀಟಿ ಸರಿಯಾಗಿ ಬತ್ತಿಲ್ಲ

ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಬಸವೇಶನ ಕೆಲಸಕ್ಕೆ ಕುತ್ತು ಬಂದದ್ದು ಮಾಲೀಕ ನಾಗೇಶಣ್ಣನ ಒಂದೇ ಮಾತಿನಿಂದ.

"ಚೀಟಿ ಸರಿಯಾಗಿ ಬತ್ತಿಲ್ಲ ಕಣಯ್ಯಾ. ಮಧ್ಯಾನದೊಳ್ಗೆ ಸರಿ ಮಾಡು. ಆಗ್ದಿದ್ರೆ ನಾಳೆಯಿಂದ ಬರ್ಬ್ಯಾಡ."

ಅಷ್ಟಂದು ಆತ ಸ್ಕೂಟರ್ ಹತ್ತಿ ಹೊರಟುಹೋದ. ಬಸವೇಶ ಹಾಸನದಲ್ಲಿ ಕಂಪ್ಯೂಟರ್ ಓದಿ, ವರ್ಷಗಟ್ಟಲೆ ಮನೆಯಲ್ಲಿ ಬೈಸಿಕೊಂಡು, ಹೋದ ವಾರವಷ್ಟೇ ಈ ಕೆಲಸ ಹಿಡಿದವನು. ರೈತರು ತಂದ ಕಾಯಿಗೆ ಚೀಟಿ ಕೊಡುವ ಪ್ರೋಗ್ರಾಂ ಹಿಂದಿದ್ದವನು ಬರೆದದ್ದು. ತೆರೆದು ನೋಡಿದರೆ ತಪ್ಪು ಎದುರಿಗೇ ಕೂತಿತ್ತು: ನೂರನಾಲ್ಕು ಕಾಯಿ ಎಂದು ಒತ್ತಿದರೆ ಚೀಟಿಯಲ್ಲಿ ನೂರು ಎಂದೇ ಬರುತ್ತಿತ್ತು. ಯಾಕೆಂದು ಮಾತ್ರ ಅವನಿಗೆ ಬಗೆಹರಿಯಲಿಲ್ಲ.

ಫೋನು ತೆಗೆದು ಕೂತಾಗ ಕಾಯಿ ಎಣಿಸುವ ಪುಟ್ಟರಾಜು ಬಂದು ಇಣುಕಿದ. "ಏನ್ಲಾ ಬಸಣ್ಣ ಅದು?"

"ಪ್ರೋಗ್ರಾಂ ಬರೆಯೋರ ಕೂಟ. ಪ್ರಪಂಚದೋರೆಲ್ಲ ಇದಾರೆ. ಕೇಳಿದ್ದಕ್ಕೆ ಉತ್ತರ ಹೇಳ್ತಾರೆ."

"ಅಂಗೆ ಸೀದಾ ಕೇಳ್ಬುಟ್ರೆ ಯಾರೇಳ್ತಾರೆ? ಮೊದ್ಲು ಯೋಗಕ್ಷೇಮ ವಿಚಾರ್ಸು. ಆಮ್ಯಾಕೆ ನಿನ್ ಕಷ್ಟ ಹೇಳ್ಕೊ."

ಸಲಹೆ ಬಿಟ್ಟಿ ಸಿಕ್ಕರೆ ಬಸವೇಶ ಬಿಡುವವನಲ್ಲ. ಎಲ್ಲರ ಆರೋಗ್ಯ ಕೇಳಿದ, ತಂಗಿಯ ಮದುವೆಯ ಚಿಂತೆ ಹೇಳಿಕೊಂಡ, ಕೊನೆಗೆ 'ಚೀಟಿ ಸರಿಯಾಗಿ ಬರುತ್ತಿಲ್ಲ, ಕಾಪಾಡಿ' ಎಂದು ಮುಗಿಸಿದ. ಉತ್ತರ ಬಂತು: 'ಸರಿಯಾಗಿ ಬರುತ್ತಿಲ್ಲ ಅಂದರೇನು? ಏನು ಕೊಟ್ಟಿರಿ, ಏನು ಬರಬೇಕಿತ್ತು, ಏನು ಬಂತು?' ಇನ್ನು ಯಾರೂ ಉತ್ತರಿಸದಂತೆ ಪ್ರಶ್ನೆಗೆ ಬೀಗವೂ ಬಿತ್ತು.

"ಅಷ್ಟು ಜನದ ಕ್ಷೇಮ ಕೇಳಿದ್ರೂ ಒಬ್ರೂ ನಿನ್ ಕ್ಷೇಮ ಕೇಳ್ನಿಲ್ವಲ್ಲ," ಎಂದು ಪುಟ್ಟರಾಜು ಬೇಜಾರು ಮಾಡಿಕೊಂಡು ಕಾಯಿ ಎಣಿಸಲು ಹೊರಗೆ ಹೋದ.

ಬಸವೇಶ ಹಲ್ಲು ಕಚ್ಚಿ ಮತ್ತೆ ಬರೆದ. ನೂರನಾಲ್ಕು ಕೊಟ್ಟೆ, ನೂರನಾಲ್ಕು ಬರಬೇಕು, ನೂರು ಬರುತ್ತಿದೆ. ಪ್ರೋಗ್ರಾಂ ಅನ್ನೂ ಜೊತೆಗೆ ಹಾಕಿದ. ಕಾಫಿ ಆರುವ ಮುಂಚೆ ಉತ್ತರ ಸಿಕ್ಕಿತು: ಪ್ರೋಗ್ರಾಂನ ಇಂಥ ಒಂದು ಸಾಲು ಕಿತ್ತುಹಾಕು. ಕಿತ್ತ, ಸರಿಹೋಯಿತು. ಮಧ್ಯಾಹ್ನವೆಲ್ಲ ಚೀಟಿ ಹರಿದು ಕೊಟ್ಟ. ರೈತರು ಚೀಟಿ ನೋಡಿ, ಇವನ ಮುಖ ನೋಡಿ, "ತಣ್ಣಗಿರು ಕಣಪ್ಪ" ಎಂದು ಹರಸಿ ಲಗುಬಗೆಯಿಂದ ಬಸ್ಸಿಗೆ ನಡೆದರು. ಬಸವೇಶ ಪೂರಿಯ ಹಾಗೆ ಉಬ್ಬಿದ.

ಸಂಜೆ ನಾಗೇಶಣ್ಣ ಬಂದು ಒಂದು ಚೀಟಿಯನ್ನು ಮೂಗಿನ ಹತ್ತಿರ ಹಿಡಿದ. "ಕೊಸರೆಲ್ಲೋಯ್ತು?"

"ಯಾವ ಕೊಸರು ಸಾ?"

"ನೂರಕ್ಕೆ ನಾಕು ಕಾಯಿ ಕೊಸರು ಬುಡೋದು ನಮ್ ತಾತನ ಕಾಲದ ಪದ್ಧತಿ. ನೂರನಾಕು ತಂದ್ರೆ ಲೆಕ್ಕಕ್ಕೆ ನೂರೇಯ."

ಬಸವೇಶ ಬೆಳಗಿನ ಮಾತು ನೆನಪಿಸಿದ. "ನೀವೇ ಚೀಟಿ ಸರಿಯಿಲ್ಲ ಅಂದ್ರಲ್ಲ ಸಾ."

"ಅಕ್ಷರ ಸಣ್ಣಕ್ಕೆ ಬತ್ತಾವೆ, ನಂಗೆ ಕಾಣಕಿಲ್ಲ ಅಂತ ಅಂದಿದ್ದು ಕಣಯ್ಯಾ. ಏನು ಸರಿಯಿಲ್ಲ ಅಂತ ಒಂದ್ಮಾತು ಕೇಳಕ್ಕೆ ನಿಂಗೇನಾಗಿತ್ತು?"

"ಪ್ರಪಂಚಾನೆಲ್ಲ ಕೇಳ್ದ, ನಿಮ್ಮೊಬ್ಬರನ್ನ ಬುಟ್ಟು," ಎಂದ ಪುಟ್ಟರಾಜು.

ನಾಗೇಶಣ್ಣ ತೀರ್ಪು ಕೊಟ್ಟ. "ನಾಳೆಯಿಂದ ಕಂಪ್ಯೂಟ್ರು ಮುಟ್ಬ್ಯಾಡ. ಇವತ್ತು ಬಂದೋರ ಮನೆ ಮನೆಗೆ ಓಗಿ ಕೊಸರು ಕಾಯಿ ಈಸ್ಕಂಬಾ."

ಅಷ್ಟರಲ್ಲಿ ಬಸವೇಶನ ಫೋನು ಗುಂಯ್ ಎಂದಿತು. ಕೂಟದವರು ಬರೆದಿದ್ದರು: 'ಇಷ್ಟು ಸ್ಪಷ್ಟವಾಗಿ ಪ್ರಶ್ನೆ ಕೇಳುವವರು ಅಪರೂಪ.'

ಅವನು ಫೋನು ಜೇಬಿಗಿಟ್ಟು, "ಚೀಲ ಎಷ್ಟು ದೊಡ್ಡದು ಬೇಕು ಸಾ?" ಎಂದು ಬಿಡಿಸಿ ಕೇಳಿದ.