ಎವರ್‌ಗ್ರೀನಿನಲ್ಲಿ ನಡೆದ ಪಟ್ಟಾಭಿಷೇಕ

ಮೈಸೂರಿನವರಿಗೆ ಒಂದು ಕಾಯಿಲೆ ಇದೆ. ಮಾತು ಎಲ್ಲಿಂದಲೇ ಶುರುವಾಗಲಿ, ಮೂರನೆಯ ವಾಕ್ಯಕ್ಕೆ ಅರಮನೆಗೆ ಬಂದು ನಿಲ್ಲುತ್ತದೆ. ಟ್ರಾಫಿಕ್ಕಿನ ಮಾತು ಬಂದರೆ ‘ನಮ್ಮ ಅರಮನೆ ಸುತ್ತ ಎಂಥ ಅಗಲದ ರಸ್ತೆ ಗೊತ್ತಾ’ ಅನ್ನುತ್ತೇವೆ. ಯಾರಾದರೂ ಕ್ರಿಸ್‌ಮಸ್ ದೀಪ ತೋರಿಸಿದರೆ ಪಾಪ ಅನ್ನುವಂತೆ ಒಂದು ನಗೆ ನಕ್ಕು, ದಸರೆಯ ದೀಪಗಳ ಬಗ್ಗೆ ಅರ್ಧ ಗಂಟೆ ಮಾತಾಡುತ್ತೇವೆ. ನನಗೆ ಈ ಕಾಯಿಲೆ ಸ್ವಲ್ಪ ಜೋರು. ಹಾಸನದವರಾದ ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲಿ ತಾಳ್ಮೆಯಿಂದ ಕೇಳುತ್ತಿದ್ದರು. ಈಗ ನಾನು ‘ಅ’ ಅನ್ನುವಷ್ಟರಲ್ಲೇ “ಬಂತು ಅರಮನೆ” ಎಂದು ಎದ್ದು ಹೋಗುತ್ತಾರೆ. ಕ್ಯಾಲಿಫೋರ್ನಿಯಾಕ್ಕೆ ಬಂದು ಇಷ್ಟು ವರ್ಷವಾದರೂ ವಾಸಿಯಾಗದ ಈ ಕಾಯಿಲೆ ನನ್ನನ್ನು ಒಂದು ಶನಿವಾರ ಮಧ್ಯಾಹ್ನ ಇಡೀ ಬೀದಿಯ ಮುಂದೆ ರಾಜಕುಮಾರಿಯಾಗಿ ನಿಲ್ಲಿಸಿತು.

ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ ನಮ್ಮದು ಗುಡ್ಡದ ಬುಡದ ಪುಟ್ಟ ಬೀದಿ. ಅದರ ಕೊನೆಯ ಮನೆಯಲ್ಲಿ ಡೋರತಿ ಎಂಬ ಇಂಗ್ಲೆಂಡಿನ ಮುದುಕಿ ಒಬ್ಬರೇ ಇದ್ದಾರೆ. ಯಾವುದೋ ಶಾಲೆಯಲ್ಲಿ ಚಿತ್ರಕಲೆಯ ಟೀಚರಾಗಿದ್ದು ನಿವೃತ್ತರಾದವರು. ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಟೀ ಕುಡಿಯುವ ಹೊತ್ತು ತಪ್ಪಿಸಿದವರಲ್ಲ. ನಾವು ಮನೆ ಕೊಂಡ ಹೊಸದರಲ್ಲಿ, ಕಸದ ಡಬ್ಬಿಗಳನ್ನು ರಸ್ತೆಗೆ ಎಳೆಯುವಾಗ ಅವರು ನನ್ನ ಊರು ಕೇಳಿದರು. ಮೈಸೂರು ಅಂದೆ. ಎರಡನೆಯ ವಾಕ್ಯಕ್ಕೇ ಅರಮನೆ ಬಂತು. ಮೂರನೆಯದರಲ್ಲಿ ‘ನಮ್ಮ ತಾತ ಅರಮನೆಯಲ್ಲಿದ್ದರು’ ಎಂಬುದನ್ನು ಇದ್ದ ಹಾಗೇ ಇಂಗ್ಲಿಷಿಗೆ ಇಳಿಸಿಬಿಟ್ಟೆ. ಕನ್ನಡದಲ್ಲಿ ‘ಬ್ಯಾಂಕಿನಲ್ಲಿದ್ದಾರೆ’ ಅಂದರೆ ಅಲ್ಲಿ ಕೆಲಸಕ್ಕಿದ್ದಾರೆ ಅಂತ ಯಾರಿಗಾದರೂ ತಿಳಿಯುತ್ತದೆ, ಲಾಕರಿನೊಳಗೆ ಮಲಗಿದ್ದಾರೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಆ ಅನುಕೂಲವಿಲ್ಲ. ನಮ್ಮ ತಾತ ಇದ್ದದ್ದು ಅರಮನೆಯ ಕುದುರೆ ಲಾಯದಲ್ಲಿ. ಕುದುರೆಗಳಿಗೆ ಹೊತ್ತುಹೊತ್ತಿಗೆ ಹುಲ್ಲು, ಹುರುಳಿ ಹಾಕಿಸುವುದು ಅವರ ಕೆಲಸ. ಡೋರತಿಯವರ ಕಣ್ಣು ಅಗಲವಾದದ್ದು ಕಂಡಾಗಲೇ ನಾನು ಬಿಡಿಸಿ ಹೇಳಬೇಕಾಗಿತ್ತು. ಅಷ್ಟರಲ್ಲಿ ಕಸದ ಲಾರಿ ಬಂತು. ನಾನು ಬಾಯಿ ಮುಚ್ಚಿಕೊಂಡೆ. ಅಂದಿನಿಂದ ಅವರು ನನ್ನನ್ನು ಕಂಡಾಗಲೆಲ್ಲ ತಲೆಯನ್ನು ಒಂದಿಷ್ಟು ಬಾಗಿಸುತ್ತಿದ್ದರು, ತಮ್ಮ ಗಿಡದ ನಿಂಬೆಹಣ್ಣನ್ನು ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ ತಂದುಕೊಡುತ್ತಿದ್ದರು. ನಿಜ ಹೇಳುತ್ತೇನೆ, ನನಗೆ ಅದು ಹಿತವಾಗಿತ್ತು. ನಮ್ಮ ಮನೆಯಲ್ಲಿ ನನಗೆ ತಲೆಬಾಗುವವರು ಯಾರೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಅವರ ದೇಶದ ರಾಣಿ ಸಿಂಹಾಸನವೇರಿ ಬಹಳ ವರ್ಷವಾಯಿತೆಂದು ಅಲ್ಲೆಲ್ಲ ಹಬ್ಬ ನಡೆಯಿತು. ಡೋರತಿ ನಮ್ಮ ಬೀದಿಯಲ್ಲೂ ಮೇಜು ಹಾಕಿ ಎಲ್ಲರನ್ನೂ ಕರೆದರು. “ಖಂಡಿತ ಬರ್ತೀವಿ” ಅಂದವಳು ನಾನೇ. ಆದರೆ ಅದೇ ದಿನ ಹತ್ತಿರದ ಊರು ಫ್ರೀಮಾಂಟಿನಲ್ಲಿ ಯಾರದೋ ಮಗುವಿನ ಬರ್ತ್‌ಡೇ ಇತ್ತು. ಅಲ್ಲಿ ಬಿಸಿಬೇಳೆಭಾತು ಚೆನ್ನಾಗಿತ್ತು, ಮಾತು ಬೆಳೆಯಿತು, ಡೋರತಿ ಮರೆತೇಹೋದರು. ಸಂಜೆ ಕಾರು ಬೀದಿಗೆ ತಿರುಗಿದಾಗ ಕಂಡದ್ದನ್ನು ನಾನು ಮರೆತಿಲ್ಲ. ಹೂವಿನ ಟೋಪಿ ಹಾಕಿಕೊಂಡ ಡೋರತಿ ಒಬ್ಬರೇ ಖಾಲಿ ಕುರ್ಚಿಗಳನ್ನು ಮಡಚುತ್ತಿದ್ದರು. ಕೇಕು ಕತ್ತರಿಸದೆ ಹಾಗೇ ಇತ್ತು. ಯಾರೂ ಬಂದಿರಲಿಲ್ಲ. “ರೀ, ಇನ್ನೊಂದು ರೌಂಡ್ ಹೋಗಿ” ಎಂದು ಯಜಮಾನರಿಗೆ ಹೇಳಿ ಸೀಟಿನಲ್ಲಿ ಕೆಳಗೆ ಜಾರಿದೆ. ರಾಜವಂಶದವರು ಸೀಟಿನ ಕೆಳಗೆ ಅಡಗಿ ಕೂತ ಪ್ರಸಂಗ ಚರಿತ್ರೆಯಲ್ಲಿ ಹೆಚ್ಚಿರಲಾರದು.

ಮುಂದಿನ ವರ್ಷ ಅವರ ಹೊಸ ರಾಜನಿಗೆ ಪಟ್ಟಾಭಿಷೇಕ ನಿಶ್ಚಯವಾಯಿತು. ಡೋರತಿ ಕೈಬರಹದ ಆಹ್ವಾನ ಪತ್ರಿಕೆ ಹಿಡಿದು ಬಾಗಿಲಿಗೆ ಬಂದರು. ಹಿಂದಿನ ಸಲದ ಮಾತೇ ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು. ಶನಿವಾರ ಮಧ್ಯಾಹ್ನ ಬೀದಿಯಲ್ಲೇ ಟೀ ಪಾರ್ಟಿ, ಗ್ಯಾರೇಜಿನಲ್ಲಿ ಟಿವಿ ಇಟ್ಟು ಪಟ್ಟಾಭಿಷೇಕದ ರೆಕಾರ್ಡಿಂಗು ಹಾಕುತ್ತೇನೆ ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು: “ನೀವು ರಾಜಮನೆತನದವರು. ನಾಲ್ಕು ಮಾತಾಡಿ ಹಬ್ಬಕ್ಕೆ ಕಳೆ ಕೊಡ್ತೀರಾ? ನಿಮ್ಮ ರಾಜ ಉಡುಪಿನಲ್ಲಿ ಬಂದರೆ ನನಗೆ ಬಹಳ ಸಂತೋಷ.” ನನ್ನ ಕಣ್ಣ ಮುಂದೆ ಮಡಚಿದ ಕುರ್ಚಿಗಳು ಬಂದವು. “ಅಗತ್ಯವಾಗಿ” ಅಂದುಬಿಟ್ಟೆ.

ಬಾಗಿಲು ಹಾಕಿದ ಮೇಲೆ ಮನೆಯೊಳಗೆ ವಿಚಾರಣೆ ನಡೆಯಿತು. “ಈಗ್ಲೇ ಹೋಗಿ ಹೇಳ್ಬಿಡು ಸುಧಾ, ನಮ್ತಾತ ಕುದ್ರೆಗೆ ಹುಲ್ಲು ಹಾಕಿಸ್ತಿದ್ರು ಅಂತ. ಎರಡು ನಿಮಿಷದ ಕೆಲ್ಸ,” ಅಂದರು ಯಜಮಾನರು. ಹನ್ನೊಂದು ವರ್ಷದ ಮಗಳು ಅನನ್ಯಾ ಪುಸ್ತಕದಿಂದ ತಲೆಯೆತ್ತದೆ, “ಅಮ್ಮಾ, ದಿಸ್ ಈಸ್ ಲಿಟರಲಿ ಫ್ರಾಡ್,” ಎಂದಳು. ಆರು ತಿಂಗಳಿಗೆಂದು ಊರಿನಿಂದ ಬಂದಿದ್ದ ಅತ್ತೆಯವರು ಮಾತ್ರ ಬೇರೆಯದೇ ಲಹರಿಯಲ್ಲಿದ್ದರು. “ರಾಜಂಗೆ ಪಟ್ಟ ಕಟ್ತಾವ್ರಾ? ಹಂಗಾದ್ರೆ ಪಾಯ್ಸ ಮಾಡ್ದೆ ಇರಕ್ಕಾಯ್ತದೇನವ್ವಾ? ಯಾವ ದೇಶದೋನಾದ್ರೇನು, ಒಳ್ಳೇ ದಿವ್ಸ ಒಳ್ಳೇ ದಿವ್ಸವೇಯ” ಎಂದು ಶಾವಿಗೆ ಎಲ್ಲಿದೆ ಅಂತ ಹುಡುಕತೊಡಗಿದರು.

ನಾಲ್ಕು ಮಾತಿನ ಚಿಂತೆ ಹಾಗಿರಲಿ, ಈ ಸಲವೂ ಯಾರೂ ಬರದಿದ್ದರೆ ಎಂಬುದು ನನ್ನ ನಿಜವಾದ ದಿಗಿಲು. ಅತ್ತೆಯವರನ್ನು ಕರೆದುಕೊಂಡು ಸಂಜೆಸಂಜೆ ಮನೆಮನೆಗೆ ಹೋದೆ. ಅತ್ತೆಯವರ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಬೇಡ ಅಂದರೂ ಕೇಳಲಿಲ್ಲ. ಕರೆಯೋಕೆ ಹೋಗುವಾಗ ಬರಿಗೈಯಲ್ಲಿ ಹೋಗುವುದುಂಟೇ ಎಂಬುದು ಅವರ ವಾದ. ವಿಯೆಟ್ನಾಮಿನ ಅಜ್ಜಿಯೊಬ್ಬರು ಮರುಮಾತಿಲ್ಲದೆ ಹಣೆಯೊಡ್ಡಿದರು, ಬರುತ್ತೇನೆಂದು ಎರಡು ಬೆರಳು ತೋರಿಸಿದರು. ಎರಡು ಗಂಟೆಗೆ ಅಂತಲೋ ಇಬ್ಬರು ಬರುತ್ತೇವೆ ಅಂತಲೋ ತಿಳಿಯಲಿಲ್ಲ. ಕಾರು ರಿಪೇರಿಯ ಹೆಕ್ಟರ್ ಮಾತ್ರ ತನ್ನ ಗ್ಯಾರೇಜಿನ ಬಾಗಿಲಲ್ಲೇ ಅಡ್ಡ ನಿಂತ. “ರಾಜರು ಬೇಡ ಅಂತ ತಾನೇ ಈ ದೇಶ ಮಾಡಿದ್ದು? ನಾನ್ಯಾಕೆ ಬರಲಿ?” ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅತ್ತೆಯವರು ಏನಂತೆ ಎಂದು ಕೇಳಿದರು, ಹೇಳಿದೆ. “ಊಟ ಐತೆ ಅಂತ ಏಳವ್ವ” ಅಂದರು. ಹೇಳಿದೆ. ಹೆಕ್ಟರ್ ಸ್ವಲ್ಪ ಯೋಚಿಸಿ, ತನ್ನ ಹತ್ತಿರ ದೊಡ್ಡ ಸ್ಪೀಕರ್ ಇದೆ, ಬೇಕೇ ಎಂದು ಕೇಳಿದ.

ಶನಿವಾರ ಬೆಳಿಗ್ಗೆ ಡೋರತಿ ಬರೆದುಕೊಟ್ಟ ಪ್ರಕಾರ ಸೌತೆಕಾಯಿ ಸ್ಯಾಂಡ್‌ವಿಚ್ ಮಾಡಲು ಕೂತೆ. ಬ್ರೆಡ್ಡಿನ ಅಂಚನ್ನು ಕತ್ತರಿಸಿ ತೆಗೆಯಬೇಕು, ಬೆಣ್ಣೆ ತೆಳ್ಳಗೆ ಸವರಬೇಕು, ಉಪ್ಪು ಇದ್ದೂ ಇಲ್ಲದಂತಿರಬೇಕು. ಅತ್ತೆಯವರು ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. “ಇದು ರಾಜನೂಟವಾ, ಬಾಣಂತಿ ಪಥ್ಯವಾ?” ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅರ್ಧದಷ್ಟು ಸ್ಯಾಂಡ್‌ವಿಚ್ಚುಗಳೊಳಗೆ ಕೊತ್ತಂಬರಿ ಹಸಿಮೆಣಸಿನಕಾಯಿ ಚಟ್ನಿ ಸೇರಿಹೋಗಿತ್ತು. ಯಾವುದರಲ್ಲಿದೆ, ಯಾವುದರಲ್ಲಿಲ್ಲ ಎಂದು ಹೊರಗಿನಿಂದ ಹೇಳುವಂತಿರಲಿಲ್ಲ.

ಆಮೇಲೆ ರಾಜ ಉಡುಪಿನ ಪ್ರಶ್ನೆ. ನನ್ನ ಮದುವೆಯ ಮೈಸೂರು ರೇಷ್ಮೆ ಸೀರೆ ಪೆಟ್ಟಿಗೆಯಿಂದ ಹೊರಗೆ ಬಂತು. ಸೀರೆ ಅಂದಿನಂತೆಯೇ ಇತ್ತು, ನಾನು ಇರಲಿಲ್ಲ. ರವಿಕೆ ಎರಡು ಕಡೆಯಿಂದಲೂ ಬಂದು ಬೆನ್ನಿನ ನಡುವೆ ಭೇಟಿಯಾಗಲು ಒಪ್ಪಲಿಲ್ಲ. ಅನನ್ಯಾ ಏಳು ಸೇಫ್ಟಿ ಪಿನ್ನು ಹಾಕಿ ಹೇಗೋ ಸಂಧಾನ ಮಾಡಿಸಿದಳು. “ಅಮ್ಮಾ, ಡೋಂಟ್ ಬ್ರೀದ್ ಟೂ ಮಚ್,” ಎಂಬ ಎಚ್ಚರಿಕೆಯೂ ಸಿಕ್ಕಿತು. ಕೈಯನ್ನು ಮೊಣಕೈಯಿಂದ ಮೇಲೆ ಎತ್ತುವಂತಿಲ್ಲ, ಬಗ್ಗುವಂತಿಲ್ಲ, ತಿರುಗಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಹಾಗೆ ನೆಟ್ಟಗೆ, ನಿಧಾನವಾಗಿ, ಗಲ್ಲ ಮೇಲೆತ್ತಿ ನಾನು ಬೀದಿಗಿಳಿದೆ. ಅಲ್ಲಿದ್ದ ಮಕ್ಕಳು ಕೈಬೀಸಿದಾಗ ಉತ್ತರವಾಗಿ ಮಣಿಕಟ್ಟನ್ನಷ್ಟೇ ಅತ್ತಿತ್ತ ಆಡಿಸಿದೆ. ಡೋರತಿ ಎದೆಯ ಮೇಲೆ ಕೈಯಿಟ್ಟುಕೊಂಡು, “ಎಂಥ ಗಾಂಭೀರ್ಯ! ರಾಣಿ ಕೂಡ ಹೀಗೇ ಕೈ ಬೀಸ್ತಿದ್ದಳು,” ಎಂದರು.

ಬೀದಿ ತುಂಬಿತ್ತು! ಕುರ್ಚಿ ಸಾಲದೆ ಹೆಕ್ಟರ್ ತನ್ನ ಗ್ಯಾರೇಜಿನ ಟೈರುಗಳನ್ನು ಉರುಳಿಸಿಕೊಂಡು ಬಂದಿದ್ದ. ವಿಯೆಟ್ನಾಮಿನ ಅಜ್ಜಿ ತಮ್ಮ ಹನ್ನೆರಡು ಜನರ ಸಂಸಾರದೊಂದಿಗೆ, ಒಂದು ಬೇಸಿನ್ನು ಸ್ಪ್ರಿಂಗ್ ರೋಲಿನೊಂದಿಗೆ ಬಂದಿದ್ದರು. ಡೋರತಿ ಹೂವಿನ ಟೋಪಿ ಸರಿಮಾಡಿಕೊಳ್ಳುತ್ತ ಎಲ್ಲರನ್ನೂ ನೋಡುತ್ತಿದ್ದರು, ಮತ್ತೆಮತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಟಿವಿಯಲ್ಲಿ ರಾಜನ ತಲೆಯ ಮೇಲೆ ಕಿರೀಟ ಬಂದ ಗಳಿಗೆಯಲ್ಲಿ ಹೆಕ್ಟರನ ಸ್ಪೀಕರಿನಿಂದ ಇಂಗ್ಲೆಂಡಿನ ತುತ್ತೂರಿ ಮೊಳಗಿತು. ಆಗ ಅತ್ತೆಯವರು ಎದ್ದರು. ಅವರ ಕೈಯಲ್ಲಿ ಅರಿಸಿನ ಸುಣ್ಣ ಕಲಸಿದ ಕೆಂಪು ಓಕುಳಿ ನೀರಿನ ತಟ್ಟೆ ಇತ್ತು. ಅದನ್ನು ಅವರು ಯಾವಾಗ ತಂದರೋ ನನಗೆ ತಿಳಿಯದು. ನೇರವಾಗಿ ಟಿವಿಯ ಮುಂದೆ ಹೋಗಿ ನಿಂತು, ಸೋಬಾನೆ ಹಾಡುತ್ತ, ರಾಜನಿಗೆ ಆರತಿಯೆತ್ತಿದರು.

“ಅತ್ತೇ, ಏನ್ ಮಾಡ್ತಿದ್ದೀರಿ?”

“ನೀ ಸುಮ್ಕಿರವ್ವ. ಲೋಕವೆಲ್ಲ ಕಣ್ಬುಟ್ಕಂಡ್ ನೋಡ್ತಾ ಐತೆ. ದೃಷ್ಟಿ ಆಗಕ್ಕಿಲ್ವಾ ಆವಯ್ಯಂಗೆ?”

ಅನನ್ಯಾ ಇದನ್ನು ಎಲ್ಲರಿಗೂ ಇಂಗ್ಲಿಷಿನಲ್ಲಿ ವಿವರಿಸಿದಳು. ಡೋರತಿ ಓಡಿಬಂದು ಆ ತಟ್ಟೆಗೆ ತಾವೂ ಕೈಹಾಕಿದರು. ಇಬ್ಬರು ಮುದುಕಿಯರೂ ಸೇರಿ ಟಿವಿಗೆ ಮೂರು ಸುತ್ತು ನಿವಾಳಿಸಿ, ಕೆಂಪು ನೀರನ್ನು ಬೀದಿಯ ನಡುವೆ ಚೆಲ್ಲಿ ಬಂದರು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಲ್ಲುವ ಮೊದಲೇ ಡೋರತಿ ಚಮಚದಿಂದ ಕಪ್ಪನ್ನು ಬಡಿದು, “ಈಗ ನಮ್ಮ ಬೀದಿಯ ರಾಜಕುಮಾರಿ ಮಾತಾಡುತ್ತಾರೆ,” ಎಂದು ಘೋಷಿಸಿದರು.

ನಾನು ಸುಳ್ಳು ಭಾಷಣವನ್ನು ಬಾಯಿಪಾಠ ಮಾಡಿಕೊಂಡೇ ಬಂದಿದ್ದೆ. ಆದರೆ ಡೋರತಿಯವರ ಒದ್ದೆ ಕಣ್ಣು ನೋಡಿದ ಮೇಲೆ ಅದನ್ನು ಕೈಬಿಟ್ಟೆ. “ಒಂದು ತಪ್ಪಾಗಿದೆ,” ಅಂದೆ. “ನಾನು ರಾಜಕುಮಾರಿಯಲ್ಲ. ನಮ್ಮ ತಾತ ಅರಮನೆಯ ಕುದುರೆಗಳಿಗೆ ಹುಲ್ಲು ಹಾಕಿಸುತ್ತಿದ್ದವರು. ಕಳೆದ ಸಲ ನೀವು ಕರೆದಾಗ ಬರ್ತೀನಿ ಅಂದು ಬರಲಿಲ್ಲ, ಅದೂ ನನ್ನದೇ ತಪ್ಪು.” ಆ ರಭಸಕ್ಕೆ ಉಸಿರು ಜೋರಾಗಿ ಬಂತು, ಬೆನ್ನ ಹಿಂದೆ ಒಂದು ಪಿನ್ನು ಕಳಚಿತು. ಎಲ್ಲರ ಕಣ್ಣೂ ಡೋರತಿಯವರ ಮೇಲೆ ನೆಟ್ಟಿತು. ಹೆಕ್ಟರ್ ಮಾತ್ರ ಕೆಮ್ಮುತ್ತಿದ್ದ, ಅವನಿಗೆ ಚಟ್ನಿ ಇದ್ದ ಸ್ಯಾಂಡ್‌ವಿಚ್ ಸಿಕ್ಕಿತ್ತು.

ಡೋರತಿ ಮೆಲ್ಲಗೆ ನನ್ನ ಹತ್ತಿರ ಬಂದರು. “ಕುದುರೆಗಳೇ? ನಿಜವಾದ ಅರಮನೆಯ ಕುದುರೆಗಳೇ?” ಎಂದು ಕೇಳಿದರು. ಹೌದು ಅಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಎಲ್ಲರ ಕಡೆ ತಿರುಗಿದರು. “ನನಗೆ ಆರು ವರ್ಷವಿದ್ದಾಗ ಹಿಂದಿನ ರಾಣಿಯ ಪಟ್ಟಾಭಿಷೇಕಕ್ಕೆ ಅಪ್ಪ ಕರೆದುಕೊಂಡು ಹೋಗಿದ್ದ. ಮಳೆಯಲ್ಲಿ ನೆನೆಯುತ್ತ ಇಡೀ ಬೆಳಗ್ಗೆ ನಿಂತೆವು. ರಾಣಿ ಬಂದಾಗ ನನ್ನ ಮುಂದೆ ಒಬ್ಬ ದಪ್ಪ ಮನುಷ್ಯನಿದ್ದ. ನನಗೆ ಕಂಡದ್ದು ರಥದ ಕುದುರೆಗಳ ಕಿವಿ ಮಾತ್ರ. ಈವರೆಗೆ ಯಾರಿಗೂ ಹೇಳಿಲ್ಲ, ರಾಣಿಯನ್ನೇ ನೋಡಿದೆ ಅಂತ ಹೇಳಿಕೊಂಡು ಬಂದಿದ್ದೇನೆ. ನಿಮ್ಮ ತಾತ ದಿನಾ ಅಂಥ ಕಿವಿಗಳನ್ನು ಮುಟ್ಟುತ್ತಿದ್ದರಲ್ಲ!”

ಮೊದಲು ನಕ್ಕವರು ವಿಯೆಟ್ನಾಮಿನ ಅಜ್ಜಿ, ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಆಮೇಲೆ ಇಡೀ ಬೀದಿಯೇ ನಕ್ಕಿತು. ಕೇಕು ಕತ್ತರಿಸಿದೆವು, ಪಾಯಸ ಹಂಚಿದೆವು. ಹೆಕ್ಟರ್ ಮೂರು ಲೋಟ ಪಾಯಸ ಕುಡಿದು, ಇಂಥ ಪಟ್ಟಾಭಿಷೇಕವಾದರೆ ವರ್ಷವರ್ಷವೂ ಆಗಲಿ ಎಂದು ತನ್ನ ನಿಲುವನ್ನು ಸಡಿಲಿಸಿದ.

ಇಷ್ಟಕ್ಕೆ ನಾನು ಎದ್ದು ಮನೆಗೆ ಹೋಗಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಮಕ್ಕಳು ನನ್ನನ್ನು ಸುತ್ತುವರಿದು ಕುದುರೆಗಳ ಕಥೆ ಹೇಳು ಎಂದರು. ತಾತನ ಕುದುರೆಗಳ ಬಗ್ಗೆ ನನಗೆ ಗೊತ್ತಿದ್ದದ್ದು ಅವು ಹುಲ್ಲು ತಿನ್ನುತ್ತಿದ್ದವು ಎಂಬುದೊಂದೇ. “ಒಂದರ ಹೆಸರಾದರೂ ಹೇಳಿ,” ಎಂದರು ಡೋರತಿ ಆಸೆಯಿಂದ. ನನ್ನ ಬಾಯಿ ನನ್ನನ್ನು ಕೇಳದೆ “ಮುತ್ತು” ಅಂದಿತು. “ಹಾಲಿನಂಥ ಬಿಳುಪು. ನಮ್ಮ ತಾತನ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಹುರುಳಿ ಮುಟ್ಟುತ್ತಿರಲಿಲ್ಲ.” “ಮಹಾರಾಜರ ಕೈಯಿಂದಲೂ?” ಎಂದು ಕೇಳಿದ ಹೆಕ್ಟರ್. “ಮಹಾರಾಜರ ಕೈಯಿಂದಲೂ,” ಅಂದೆ. ಮೇಜಿನ ಆ ತುದಿಯಲ್ಲಿ ಅನನ್ಯಾ ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಮುಂದಿನ ವಾರ ಡೋರತಿ ತಾವೇ ಊಹಿಸಿ ಬರೆದ ಒಂದು ಜಲವರ್ಣದ ಚಿತ್ರಕ್ಕೆ ಚೌಕಟ್ಟು ಹಾಕಿಸಿ ತಂದುಕೊಟ್ಟರು. ಬಿಳಿ ಕುದುರೆ, ಪಕ್ಕದಲ್ಲಿ ದೊಡ್ಡ ಮೀಸೆಯ ಪೇಟದ ತಾತ. ಬೇಡವೆನ್ನಲು ಮನಸ್ಸಾಗದೆ ನಡುಮನೆಯಲ್ಲಿ ನೇತುಹಾಕಿದ್ದೇವೆ. ಅತ್ತೆಯವರು ಅದಕ್ಕೂ ದಿನಾ ಒಂದು ಹೂ ಏರಿಸುತ್ತಾರೆ. ಮೊನ್ನೆ ಮೈಸೂರಿನಿಂದ ವಿಡಿಯೋ ಕಾಲಿನಲ್ಲಿ ನಮ್ಮಮ್ಮ ಅದನ್ನು ಕಂಡು, “ಗೋಡೆ ಮೇಲಿರೋದು ಯಾರೇ ಅದು, ಕುದ್ರೆ ಜೊತೆ, ಮೀಸೆಯೋರು?” ಎಂದು ಕೇಳಿದರು. ಅವರ ಅಪ್ಪ ಎಂದು ಅವರಿಗೆ ಹೇಗೆ ಹೇಳುವುದು? “ನೆಟ್‌ವರ್ಕ್ ಸರಿಯಿಲ್ಲಮ್ಮಾ,” ಎಂದು ಫೋನನ್ನು ಅಡುಗೆಮನೆಯ ಕಡೆ ತಿರುಗಿಸಿದೆ.