ನಾಲ್ಕು ಟೈರಿಗೆ ನಾಲ್ಕು ವಾರ

ನನಗೆ ಡ್ರೈವಿಂಗ್ ಬರುವುದಿಲ್ಲ. ಸೈಕಲ್ ದಾಟಿ ಮುಂದಕ್ಕೆ ಹೋಗುವ ಧೈರ್ಯ ಈ ಜನ್ಮದಲ್ಲಿ ಬರಲಿಲ್ಲ. ಆದರೆ ವಾಹನಗಳ ಬಗ್ಗೆ ಅಭಿಪ್ರಾಯ ಹೇಳಲು ಲೈಸೆನ್ಸ್ ಬೇಕಾಗಿಲ್ಲವಾದ್ದರಿಂದ, ಮನೆಯಲ್ಲಿ ಆ ಖಾತೆ ನನ್ನದೇ. ಓಡಿಸುವವಳು ನನ್ನ ಹೆಂಡತಿ ವಿಮಲ. ತೊಂಬತ್ತರ ದಶಕದ ಕೊನೆಯಲ್ಲಿ ಅವಳು ಜೆ.ಪಿ. ನಗರದಿಂದ ಜಯನಗರದ ಶಾಲೆಯೊಂದಕ್ಕೆ ಎಂಟು ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದಳು. ಹೆಂಗಸು ವ್ಯಾನ್ ಓಡಿಸುವುದನ್ನು ಜನ ನಿಂತು ನೋಡುತ್ತಿದ್ದ ಕಾಲ. ಅವಳು ಹಾರ್ನ್ ಹೊಡೆದು ಅವರನ್ನು ಪಕ್ಕಕ್ಕೆ ಸರಿಸಿ ಹೋಗುತ್ತಿದ್ದಳು.

ಒಂದು ಜೂನ್ ಬೆಳಿಗ್ಗೆ, ತುಂತುರು ಮಳೆಯಲ್ಲಿ, ಸಾರಕ್ಕಿ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದರೂ ವ್ಯಾನು ಜಾರಿಕೊಂಡು ಹೋಗಿ, ಬಸ್ಸಿನ ಬೆನ್ನಿಗೆ ಒಂದು ಗೇಣು ಉಳಿದಾಗ ನಿಂತಿತು. ಮಕ್ಕಳು "ಆಂಟಿ, ಇನ್ನೊಂದ್ಸಲ" ಎಂದವಂತೆ. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಟೈರ್ ಬೋಳಾಗಿದೆ ಕಣ್ರೀ. ನಾಲ್ಕೂ ಬದಲಾಯಿಸ್ಬೇಕು."

"ಮಳೆ, ಬಿಸಿಲು, ಚಳಿ, ಎಲ್ಲದಕ್ಕೂ ಆಗೋ ಟೈರ್ ಯಾವ್ದು ಅಂತ ನಾನು ಹೋಲಿಸಿ ನೋಡಿ ಹೇಳ್ತೀನಿ. ನಾಲ್ಕು ದಿನ ಕೊಡು," ಎಂದೆ.

ಹಿಡಿದ ಕೆಲಸ ಬಿಡುವವನಲ್ಲ ನಾನು. ಹಿಂದೊಮ್ಮೆ ಅಪ್ಪ ಕೊಡೆ ತರಲು ಕಳಿಸಿದಾಗ ಊರಿನ ಅಂಗಡಿಗಳನ್ನೆಲ್ಲ ಜಾಲಾಡಿ, ಅತ್ಯುತ್ತಮವಾದ ಕೊಡೆಯನ್ನು ಮಳೆಗಾಲ ಮುಗಿದ ಮೇಲೆ ತಂದಿದ್ದೆ. ಈಗಲೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಒದ್ದೆ ರಸ್ತೆ, ಕಾದ ಡಾಂಬರು, ಭಾರ, ಬಾಳಿಕೆ ಎಂದು ಬರೆದುಕೊಂಡು ಬನಶಂಕರಿಯ ಟೆಂಪೋ ಸ್ಟ್ಯಾಂಡಿಗೆ ಹೋದೆ. ತರಕಾರಿ ಟೆಂಪೋದವನು, "ಅಣ್ಣ, ಗೀರು ಆಳ ಇರೋದು ತಗೊಳ್ಳಿ, ನೀರನ್ನ ಆಚೆ ತಳ್ಳುತ್ತೆ," ಎಂದ. ಗ್ಯಾಸ್ ಸಿಲಿಂಡರ್ ಗಾಡಿಯವನು, "ಗೀರು ಇಟ್ಕೊಂಡು ಏನ್ಮಾಡ್ತೀರ, ಲೋಡ್ ತಡೀಬೇಕಲ್ವಾ?" ಎಂದ. ಇಬ್ಬರೂ ಜಗಳಕ್ಕೆ ಬಿದ್ದರು. ನಾನು ಎರಡನ್ನೂ ಬರೆದುಕೊಂಡೆ. ಮೂರನೆಯ ವಾರ ಟೈರ್ ಅಂಗಡಿಯ ರಹೀಮ್ ಭಾಯ್, "ಸಾರ್, ಹೆಣ್ಣು ನೋಡೋಕೂ ಯಾರೂ ಇಷ್ಟು ಸಲ ಬರಲ್ಲ," ಎಂದು ನನಗೆ ಚಹಾ ತರಿಸುವುದನ್ನು ನಿಲ್ಲಿಸಿದರು.

ಅಷ್ಟರಲ್ಲಿ ವಿಮಲ ಮಳೆ ಬಂದ ದಿನ ವ್ಯಾನು ತೆಗೆಯುವುದನ್ನೇ ಬಿಟ್ಟಿದ್ದಳು. "ಬೋಳು ಟೈರಲ್ಲಿ ಬೇರೆಯವರ ಮಕ್ಕಳನ್ನ ಕೂರಿಸಲ್ಲ," ಎಂದು ಎಂಟೂ ಮಕ್ಕಳನ್ನು ಸಿಟಿ ಬಸ್ಸಿಗೆ ಹತ್ತಿಸಿ, ಎಂಟೂ ಚೀಲ ಎಣಿಸಿ, ಶಾಲೆಯ ಗೇಟಿನವರೆಗೆ ಬಿಟ್ಟು ಬರುತ್ತಿದ್ದಳು. ನಾಲ್ಕನೆಯ ವಾರ ಒಬ್ಬ ತಾಯಿ ಬೇರೆ ವ್ಯಾನು ನೋಡಿಕೊಳ್ಳುತ್ತೇನೆಂದರು. ವಿಮಲ ಕೀ ತೆಗೆದುಕೊಂಡು ಹೋದವಳು ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕು ಹೊಸ ಟೈರುಗಳ ಮೇಲೆ ಬಂದಳು.

"ಏನು ಹೋಲಿಸಿ ನೋಡ್ದೆ?" ಎಂದು ಕೇಳಿದೆ.

"ಏನಿಲ್ಲ. ನಿಮ್ಮ ಮಗಳನ್ನ ಈ ವ್ಯಾನಲ್ಲಿ ಕಳಿಸೋದಾದ್ರೆ ಯಾವ ಟೈರ್ ಹಾಕ್ತೀರಿ ಭಾಯ್ ಅಂದೆ. ಹಾಕಿದ್ರು."

ಅದು ನನ್ನ ಪಟ್ಟಿಯಲ್ಲಿ ಆರನೆಯದು. ಪರೀಕ್ಷಿಸದೆ ಒಪ್ಪುವುದಿಲ್ಲ ಎಂದು ಮುಂದಿನ ಮಳೆಗೆ ನಾನೂ ಮುಂದಿನ ಸೀಟಿನಲ್ಲಿ ಕೂತೆ. ಜಯನಗರದ ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು. ವಿಮಲ ಬ್ರೇಕ್ ಒತ್ತಿದಳು. ಆಮೇಲೆ ಹಿಂದಿನಿಂದ ಒಂದು ಪುಟ್ಟ ದನಿ ಕೇಳಿಸಿತು.

"ಅಂಕಲ್, ನಾಯಿ ಹೋಯ್ತು. ಕಣ್ಣು ಬಿಡಿ."

"ಪರೀಕ್ಷೆ ಮಾಡ್ತಿದ್ದೆ," ಎಂದೆ.

ಟೈರು ಪಾಸಾಗಿತ್ತು. ಫೇಲಾದವರು ಯಾರೆಂದು ವಿಮಲ ಮಕ್ಕಳ ಮುಂದೆ ಹೇಳಲಿಲ್ಲ.