ತಳದಲ್ಲೊಂದಿಷ್ಟು

ನಮ್ಮ ಸೋದರತ್ತೆ ಜೀವಮಾನದಲ್ಲಿ ಒಂದೇ ಒಂದು ಡಬ್ಬಿಯನ್ನೂ ಪೂರ್ತಿ ಖಾಲಿ ಮಾಡಿದವಳಲ್ಲ ಎಂದರೆ ನೀವು ನಂಬಬೇಕು! ಮಾಗಳದ ಅವಳ ಮನೆಯಲ್ಲಿ ಅಕ್ಕಿ ಮುಗಿದರೆ "ಮುಗೀತು" ಎನ್ನುವಂತಿಲ್ಲ, "ತುಂಬೈತಿ" ಎನ್ನಬೇಕು. ಕೇಳಿದವರು ಅರ್ಥಮಾಡಿಕೊಂಡು ಅಂಗಡಿಗೆ ಓಡಬೇಕು. ನಮ್ಮ ಕಡೆ ಹೆಂಗಸರೆಲ್ಲ ಆಡುವ ಮಾತೇ ಇದು. ಆದರೆ ಅತ್ತೆಗೆ ಬರೀ ಮಾತು ಸಾಲದು, ಡಬ್ಬಿಯ ತಳದಲ್ಲಿ ನಿಜಕ್ಕೂ ಹಿಡಿ ಅಕ್ಕಿ ಉಳಿದಿರಬೇಕು. ಒಮ್ಮೆ ನಾನು ಶಾಂಪೂ ಪ್ಯಾಕೆಟನ್ನು ಪೂರ್ತಿ ಹಿಂಡಿ ಬಿಸಾಡಿದ್ದಕ್ಕೆ, "ಒಂದೀಟು ಬಿಡಬಾರ್ದೇನಲೇ, ಮನಿ ಬರಿದಾಕ್ಕತಿ!" ಎಂದು ಬೈದಿದ್ದಳು. ಶಾಂಪೂ ಇಲ್ಲದೆ ಬರಿದಾದ ಮನೆಯನ್ನು ನೀವು ಕಂಡಿದ್ದೀರಾ?

ಅವಳ ಎಮ್ಮೆ ಗೌರಿಗೆ ಕೆಚ್ಚಲು ಬಾವು ಬಂತು. ದನದ ಡಾಕ್ಟರು ಕೆಚ್ಚಲಿಗೆ ಏರಿಸುವ ಔಷಧದ ಟ್ಯೂಬು ಐದು ಕೊಟ್ಟು, ದಿನಕ್ಕೊಂದರಂತೆ ಐದೂ ಮುಗಿಸಬೇಕು ಎಂದರು. ಮುಗಿಸುವುದೇ? ನಮ್ಮತ್ತೆಯೇ? ಮೂರನೆಯ ದಿನ ಬಾವು ಇಳಿದದ್ದೇ ತಡ, ಉಳಿದೆರಡು ಟ್ಯೂಬು ಗೋಡೆಯ ಗೂಡು ಸೇರಿದವು. ಆಮೇಲೆ ಓಣಿಯವರು ಮೊಸರಿನ ಹೆಪ್ಪು ಕೇಳುವಷ್ಟೇ ಸಲೀಸಾಗಿ, "ಒಂದು ಟ್ಯೂಬ್ ಇದ್ರ ಕೊಡಬೇ" ಎಂದು ಬಂದರು. ಅತ್ತೆ ಧಾರಾಳವಾಗಿ ಕೊಟ್ಟಳು, ಒಂದನ್ನು ಉಳಿಸಿಕೊಂಡು!

ಬಾವು ಮತ್ತೆ ಬಂತು. ಮತ್ತೆ ಮೂರೇ ಟ್ಯೂಬು, ಮತ್ತೆ ಗೂಡು. ಮೂರನೆಯ ಸಲ ಕೆಚ್ಚಲು ಕಲ್ಲಿನಂತಾಯಿತು, ಔಷಧ ನಾಟಲೇ ಇಲ್ಲ, ಗೌರಿ ಮೇವು ಬಿಟ್ಟಳು. ಡಾಕ್ಟರು ಹಾಲನ್ನು ಪರೀಕ್ಷೆಗೆ ಕಳಿಸಿ, ವರದಿ ಹಿಡಿದು ಬಂದರು.

"ಏನಮ್ಮಾ, ಟ್ಯೂಬ್ ಉಳಿಸಿದ್ರೇನು?"

"ಹೂನ್ರಿ, ತಳಕ್ಕ ಒಂದೀಟು ಇರ್ಲಿ ಅಂತ."

"ಬ್ಯಾನಿನೂ ತಳಕ್ಕ ಒಂದೀಟು ಉಳೀತು ನೋಡ್ರಿ! ಅರ್ಧ ಔಷಧಕ್ಕ ಸಾಯ್ದೆ ಉಳಿದ ರೋಗದ ಹುಳ ಗಟ್ಟಿ ಆಗ್ಯಾವು. ಅವಕ್ಕ ಈ ಔಷಧ ಈಗ ಪಾನಕ ಇದ್ದಂಗ."

ವರದಿಯ ಪ್ರಕಾರ, ನಾಟುವ ಔಷಧ ಒಂದೇ ಉಳಿದಿತ್ತು. ಅದೂ ಸೋತರೆ ಗೌರಿಯ ಆಸೆ ಬಿಡಬೇಕಿತ್ತು. ಅದರದೂ ಐದು ಟ್ಯೂಬು ಶುರುವಾಯಿತು. ಐದನೆಯ ದಿನ ಕೊನೆಯ ಟ್ಯೂಬು ಹಿಡಿದು ಅತ್ತೆ ನನ್ನ ಮುಖ ನೋಡಿದಳು.

"ಇದನ್ನೂ ಮುಗಸ್ಲೇನಲೇ?"

"ಮುಗಸು ಅತ್ತಿ."

ಕೊನೆಯ ಹನಿಯವರೆಗೂ ಹಿಂಡಿದಳು.

ಗೌರಿ ಉಳಿದಳು, ಒಂದು ಮೊಲೆ ಮಾತ್ರ ಬತ್ತಿಹೋಯಿತು. ಈಗ ಅತ್ತೆ ಓಣಿಗೆಲ್ಲ ಇನ್‌ಸ್ಪೆಕ್ಟರು! "ಐದೂ ಕೊಟ್ಟೇನು? ಖಾಲಿ ಟ್ಯೂಬ್ ತೋರ್ಸು!" ಎನ್ನುತ್ತಾಳೆ. ನನಗೆ ಜ್ವರ ಬಂದರೆ ಗುಳಿಗೆಯ ಖಾಲಿ ಪಟ್ಟಿಯ ಫೋಟೊ ಕಳಿಸಬೇಕು. ಕಳಿಸದಿದ್ದರೆ ಫೋನಿನಲ್ಲೇ ಮಂಗಳಾರತಿ.

ಮೊನ್ನೆ ಹೋದಾಗ ಗೌರಿಯ ಕರು ಬತ್ತಿದ ಮೊಲೆಗೇ ಬಾಯಿ ಹಾಕಿ, ಗುದ್ದಿ ಗುದ್ದಿ ಎಳೆಯುತ್ತಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕರುವಿನ ಗದ್ದ ಹಿಡಿದು ಪಕ್ಕದ ಮೊಲೆಗೆ ತಂದಳು.

"ಅದು ತುಂಬೈತಿ ಮಗಾ, ಈ ಕಡಿ ಬಾ" ಎಂದಳು.